ಉಗುರಿನ ಮೇಲಿನ ತಾರೀಖು

ಆ ಭಿತ್ತಿಪತ್ರದ ಪಕ್ಕ ನಿಂತು ನಗುನಗುತ್ತ ಫೋಟೋ ತೆಗೆಸಿಕೊಂಡವರಲ್ಲಿ ನೀವೂ ಒಬ್ಬರಲ್ಲವೇ?

ಇಲ್ಲವೆಂದು ತಲೆಯಾಡಿಸುವ ಮೊದಲು ನೆನಪಿಸಿಕೊಳ್ಳಿ. ಬಸ್ ನಿಲ್ದಾಣದ ಕಂಬಕ್ಕೆ, ಔಷಧಿ ಅಂಗಡಿಯ ಗೋಡೆಗೆ, ಗ್ರಂಥಾಲಯದ ಗೇಟಿಗೆ ಅಂಟಿಸಿದ್ದ ಕಾಗದ ಅದು. ‘ನನ್ನ ಮಗಳು ಕಾಣೆಯಾಗಿದ್ದಾಳೆ’ ಎಂದು ಒಬ್ಬ ದರ್ಜಿ ಹೆಂಗಸು ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಿಂದ ತಾನೇ ಬರೆದದ್ದು. ಅದನ್ನು ಓದಿ ನೀವೆಂದದ್ದು ಒಂದೇ ಮಾತು: ‘ಅಬ್ಬಾ, ಎಂಥ ಪ್ರಚಾರ!’ ಆಮೇಲೆ ಎಡಗೈಯಲ್ಲಿ ಟಾರ್ಚ್ ಹಿಡಿದಂತೆ ನಟಿಸಿ, ಕಣ್ಣರಳಿಸಿ, ಚಿತ್ರ ತೆಗೆಸಿಕೊಂಡು ಹೊರಟುಹೋದಿರಿ.

ತಪ್ಪು ನಿಮ್ಮೊಬ್ಬರದೇ ಅಲ್ಲವೆಂಬುದನ್ನು ಒಪ್ಪುತ್ತೇನೆ. ಅಂತರ್ಜಾಲದಲ್ಲಿ ಯಾರೋ ಹೆಸರಿಲ್ಲದವರು ಹುಟ್ಟಿಸಿದ ಒಂದು ಕಟ್ಟುಕಥೆ ವರ್ಷಗಳಿಂದ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಕೆಲವು ಹಳೆಯ ಕಟ್ಟಡಗಳಲ್ಲಿ ಹತ್ತುವಾಗ ಹದಿನೇಳು ಮೆಟ್ಟಿಲು, ಇಳಿಯುವಾಗ ಹದಿನೆಂಟು. ಆ ಹದಿನೆಂಟನೆಯದರ ಮೇಲೆ ಕಾಲಿಟ್ಟವರ ಮುಖ ಮತ್ತೆ ಯಾರಿಗೂ ನೆನಪಾಗುವುದಿಲ್ಲ. ಒಬ್ಬ ಯುವ ನಿರ್ದೇಶಕ ಈ ಕಥೆಯನ್ನೆತ್ತಿಕೊಂಡು ‘ಹದಿನೆಂಟನೇ ಮೆಟ್ಟಿಲು’ ಎಂಬ ಸರಣಿ ಮಾಡಿದ. ಎಲ್ಲೋ ಸಿಕ್ಕಿದ ಹಳೆಯ ಟೇಪು, ಯಾರೋ ಕಳೆದುಹೋದವರು ಚಿತ್ರಿಸಿದ್ದು ಎಂಬ ಸೋಗು. ಕ್ಯಾಮೆರಾ ಹಿಡಿದವಳೇ ಕಥಾನಾಯಕಿಯಾದ್ದರಿಂದ ಅವಳ ಮುಖ ಕಾಣಿಸುವುದಿಲ್ಲ. ಬಲಗೈಯಲ್ಲಿ ಕ್ಯಾಮೆರಾ, ಎಡಗೈಯಲ್ಲಿ ಟಾರ್ಚು. ಲಕ್ಷಾಂತರ ಪ್ರೇಕ್ಷಕರು ಬಲ್ಲದ್ದು ಆ ಎಡಗೈ, ಆ ಉಸಿರು, ಆ ದನಿ. ಅವಳಿಗೆ ಅವರಿಟ್ಟ ಹೆಸರೇ ‘ಕೈ’.

ಆ ಕೈಗೆ ಒಂದು ಮೈಯಿತ್ತು, ಒಬ್ಬ ತಾಯಿಯೂ ಇದ್ದಳು. ದರ್ಜಿಯಮ್ಮನ ಒಬ್ಬಳೇ ಮಗಳು ಅವಳು, ಮನೆಯಲ್ಲಿ ಪುಟ್ಟಿ. ಏಳನೆಯ ಕಂತಿನ ಚಿತ್ರೀಕರಣ ಮುಗಿದ ಸಂಜೆ ಅವಳು ಮನೆಗೆ ಬರಲಿಲ್ಲ. ಒಂಬತ್ತು ವಾರವಾಯಿತು. ನಾಲ್ಕನೆಯ ಕಂತಿನ ಪ್ರಚಾರಕ್ಕೆಂದು ನಿರ್ದೇಶಕನೇ ‘ಕಾಣೆಯಾಗಿದ್ದಾಳೆ’ ಎಂಬ ಸುಳ್ಳು ಕಾಗದಗಳನ್ನು ಊರಿಗೆಲ್ಲ ಅಂಟಿಸಿದ್ದನಾದ್ದರಿಂದ, ತಾಯಿಯ ನಿಜವಾದ ಕಾಗದವನ್ನು ಯಾರೂ ನಂಬಲಿಲ್ಲ. ಅದರಲ್ಲಿದ್ದ ಮುಖವನ್ನು ಯಾರೂ ಗುರುತಿಸಲೂ ಇಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡವರು ಪೆನ್ನು ಮುಚ್ಚುತ್ತ ಕೇಳಿದ್ದಿಷ್ಟೇ: “ಅಮ್ಮಾ, ಎಂಟನೇ ಕಂತು ಯಾವಾಗ?”

ಎಂಟನೆಯ ಕಂತು ಕಳೆದ ಗುರುವಾರ ಬಂದಿತು. ಕಗ್ಗತ್ತಲ ಮೆಟ್ಟಿಲುಗಳ ಮೇಲೆ ಆ ದನಿ ಬೇಡಿಕೊಳ್ಳುತ್ತದೆ: “ಬಾಗಿಲು ತೆಗೀರಿ. ಸಾಕು. ನಾನಿನ್ನು ಆಡಲ್ಲ.” ನೋಡಿದವರೆಲ್ಲ ಚಪ್ಪಾಳೆಯ ಗುಂಡಿ ಒತ್ತಿದರು.

ಒಬ್ಬರು ಮಾತ್ರ ಒತ್ತಲಿಲ್ಲ. ಅವರು ಈಗ ದರ್ಜಿಯಮ್ಮನ ಅಂಗಡಿಯ ಹೊಸ್ತಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದ್ದರು.

“ನೀವೇನಾ ಅದನ್ನ ಬರೆದದ್ದು?” ಒಳಗಿನಿಂದ ಚಾಳೀಸಮ್ಮ ಕೇಳಿದರು.

ಮೂಗಿನ ಮೇಲೊಂದು ಚಾಳೀಸು, ತಲೆಯ ಮೇಲೊಂದು ಚಾಳೀಸು ಇಟ್ಟುಕೊಳ್ಳುವ ಈ ಹಿರಿಯ ಮಹಿಳೆಗೆ ಆ ಹೆಸರು ಅಂಟಿಕೊಂಡದ್ದು ಬಸ್ ನಿಲ್ದಾಣದಲ್ಲಿ. ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕುಳಿತು, ಜನ ಬಿಟ್ಟುಹೋದ ಕೊಡೆ, ಚೀಲ, ಹಲ್ಲಿನ ಸೆಟ್ಟುಗಳನ್ನು ಅವರವರಿಗೆ ತಲುಪಿಸಿದವರು. ನಿವೃತ್ತಿಯ ಬಳಿಕ ಕಾಣೆಯಾದ ಮನುಷ್ಯರನ್ನು ಹುಡುಕತೊಡಗಿದ್ದರು. ಎಂದೋ ಬಸ್ಸಿನಲ್ಲಿ ಮರೆತ ಕತ್ತರಿಯನ್ನು ಅವರಿಂದ ಮರಳಿ ಪಡೆದಿದ್ದ ದರ್ಜಿಯಮ್ಮ, ಮಗಳಿಗಾಗಿಯೂ ಅವರ ಬಳಿಗೇ ಹೋಗಿದ್ದಳು. ಎಂಟನೆಯ ಕಂತಿನ ಕೆಳಗಿದ್ದ ಹನ್ನೊಂದು ಸಾವಿರ ಅಭಿಪ್ರಾಯಗಳನ್ನು ನಾಲ್ಕು ದಿನ ಕುಳಿತು ಒಂದೂ ಬಿಡದೆ ಓದಿದವರು ಚಾಳೀಸಮ್ಮ. ತಲೆಬುರುಡೆ, ಬೆಂಕಿ, ಕಿರುಚುವ ಮುಖಗಳ ನಡುವೆ ಒಂದು ಸಾಲು ಅವರಿಗೆ ಸಿಕ್ಕಿತ್ತು.

‘ಈ ಬೆರಳು ವಾಸಿಯಾಗ್ತಾ ಇದೆ. ಸಂತೋಷ.’

“ಬರೆದದ್ದೇ ತಪ್ಪಾಯ್ತೇನೋ ಅಮ್ಮ,” ಎಂದರು ಹೊಸ್ತಿಲಿನವರು. ಚಿಕಿತ್ಸಾಲಯವೊಂದರ ಕಂಪೌಂಡರ್ ಅವರು. ಮೂವತ್ತು ವರ್ಷ ಗಾಯ ತೊಳೆದ ಕೈಗಳಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. “ಎಲ್ಲಾ ಸೇರಿ ಬೈದ್ರು. ‘ತಾತ, ಇದು ಹೆದರ್ಕೊಳ್ಳೋ ಜಾಗ, ಬ್ಯಾಂಡೇಜ್ ಕಟ್ಟೋ ಜಾಗ ಅಲ್ಲ’ ಅಂದ ಒಬ್ಬ.”

“ಯಾರವನು?”

“ಹೆಸರಿರ್ಲಿಲ್ಲ. ತಲೆಬುರುಡೆ ಚಿತ್ರ ಇತ್ತು.”

“ತಲೆಯೊಳಗಿನದ್ದು ಇಲ್ಲ ಅಂತ ಅವನೇ ಒಪ್ಕೊಂಡ ಹಾಗಾಯ್ತು. ಒಳಗೆ ಬನ್ನಿ.”

ದರ್ಜಿಯಮ್ಮ ಸ್ಟೂಲು ಒರೆಸಿ ಇಟ್ಟಳು. ಕಂಪೌಂಡರ್ ಕುಳಿತು ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ಪಕ್ಕಪಕ್ಕಕ್ಕೆ ತಂದರು. ಒಂದು ಏಳನೆಯ ಕಂತಿನದು, ಇನ್ನೊಂದು ಎಂಟನೆಯದು. ಎರಡರಲ್ಲೂ ಎಡಗೈಯ ತೋರುಬೆರಳಿನ ಉಗುರಿನ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ.

“ಈ ಚುಕ್ಕೆ ಏನು ಅಂತ ಗೊತ್ತೇನಮ್ಮ?”

“ಗೊತ್ತಿಲ್ದೆ ಏನು? ನನ್ನ ಮೆಷೀನಿನ ಸೂಜಿ ಅದು.” ದರ್ಜಿಯಮ್ಮ ಗೋಡೆಯ ಕಡೆ ಕೈತೋರಿದಳು. ಅಲ್ಲೊಂದು ಬೂದು ಬಣ್ಣದ ಕೋಟು ನೇತಾಡುತ್ತಿತ್ತು. “ಆ ಕೋಟು ಹೊಲಿಯೋವಾಗ ಆಗಿದ್ದು. ಆ ಗಿರಾಕಿಗೆ ಎಡ ಭುಜ ಒಂದಿಂಚು ತಗ್ಗು. ಸಮ ಕಾಣ್ಲಿ ಅಂತ ಒಳಗೆ ನಾಲ್ಕು ಪದರ ಬಟ್ಟೆ ಇಟ್ಟೆ. ‘ಅಮ್ಮ, ನಿನ್ನ ಕಣ್ಣು ಸೋತಿದೆ, ಈ ಭುಜ ನಾನು ಹೊಲೀತೀನಿ’ ಅಂತ ಪುಟ್ಟಿ ಕೂತ್ಳು. ದಪ್ಪ ಬಟ್ಟೆ, ಸೂಜಿ ಜಾರಿ ಉಗುರಿನ ಬುಡಕ್ಕೇ ಇಳೀತು. ಮಾರನೇ ದಿನ ಶೂಟಿಂಗು. ಅವತ್ತೇ…”

 

“ಬುಡಕ್ಕೆ. ಸರಿಯಾಗಿ ಹೇಳಿದ್ರಿ.” ಕಂಪೌಂಡರ್ ಮೊದಲನೆಯ ಚಿತ್ರದ ಮೇಲೆ ಬೆರಳಿಟ್ಟರು. “ಏಳನೇ ಕಂತಲ್ಲಿ ಚುಕ್ಕೆ ಬುಡದಲ್ಲೇ ಇದೆ, ಚರ್ಮದ ಪಕ್ಕ. ಈಗ ಎಂಟನೇದು ನೋಡಿ. ಎಲ್ಲಿದೆ?”

ದರ್ಜಿಯಮ್ಮ ಕೊರಳಲ್ಲಿ ತೂಗುತ್ತಿದ್ದ ಅಳತೆಯ ಟೇಪನ್ನು ತೆಗೆದು ಮೊಬೈಲಿನ ಗಾಜಿನ ಮೇಲಿಟ್ಟಳು. ಉಗುರಿನ ಉದ್ದ ಅಳೆದಳು. ಬುಡದಿಂದ ಚುಕ್ಕೆಗೆ ಅಳೆದಳು. ನಂಬಿಕೆ ಬಾರದೆ ಮತ್ತೊಮ್ಮೆ ಅಳೆದಳು.

“ಅರ್ಧಕ್ಕೆ ಬಂದಿದೆ.”

“ಉಗುರು ತಿಂಗಳಿಗೆ ಬೆಳೆಯೋದು ಮೂರು ಮಿಲಿಮೀಟರ್, ಹೆಚ್ಚೂಕಡಿಮೆ. ಬುಡದಲ್ಲಿದ್ದ ಚುಕ್ಕೆ ಅರ್ಧಕ್ಕೆ ಬರ್ಬೇಕಾದ್ರೆ ಎರಡು ತಿಂಗಳು ಬೇಕೇ ಬೇಕು. ಚಿತ್ರದ ಮೂಲೆಯಲ್ಲಿ ಆ ನಿರ್ದೇಶಕ ಹುಡುಗ ಇಪ್ಪತ್ತು ವರ್ಷದ ಹಿಂದಿನ ತಾರೀಖು ಹಾಕಿದಾನೆ. ಅದನ್ನ ಬಿಡಿ. ನಿಜವಾದ ತಾರೀಖು ಈ ಉಗುರಿನ ಮೇಲಿದೆ. ಈ ಚಿತ್ರ ತೆಗೆದದ್ದು ಸೂಜಿ ಚುಚ್ಚಿದ ಎರಡು ತಿಂಗಳ ಮೇಲೆ. ಅಂದ್ರೆ ಮೊನ್ನೆ ಮೊನ್ನೆ.” ಕಂಪೌಂಡರ್ ದನಿ ತಗ್ಗಿಸಿದರು. “ಉಗುರು ಬೆಳೀಬೇಕಾದ್ರೆ ಮೈಯಲ್ಲಿ ಜೀವ ಇರ್ಬೇಕಮ್ಮ.”

ಒಂಬತ್ತು ವಾರಗಳಲ್ಲಿ ದರ್ಜಿಯಮ್ಮ ಅತ್ತಿರಲಿಲ್ಲ. ಈಗಲೂ ಅಳಲಿಲ್ಲ. ಎದ್ದು, ಕಂಪೌಂಡರ್ ಅವರ ಹಿಂದೆ ಹೋಗಿ ನಿಂತು, ಟೇಪನ್ನು ಅವರ ಭುಜದಿಂದ ಭುಜಕ್ಕೆ ಹಿಡಿದಳು.

“ಏನಮ್ಮ ಇದು?”

“ಅಲ್ಲಾಡ್ಬೇಡಿ. ಹದಿನೇಳೂವರೆ. ಕೈ ಚಾಚಿ.”

“ಅಯ್ಯೋ, ನಂಗೆ ಅಂಗಿ ಇದೆ!”

“ಇರ್ಲಿ. ನೀವು ಹಾಕ್ಕೊಂಡಿರೋದರ ಕಾಲರು ಹೊಲಿದವನಿಗೆ ಕಣ್ಣೇ ಇರ್ಲಿಲ್ಲ ಅನ್ಸುತ್ತೆ. ಕೈ ಚಾಚಿ ಅಣ್ಣ. ನನ್ನ ಕೂಸಿನ ಕೈಯನ್ನ ಕೈ ಅಂತ ನೋಡಿದೋರು ಇಡೀ ಊರಲ್ಲಿ ನೀವೊಬ್ರೇ. ಇಷ್ಟೂ ಮಾಡ್ಲಿಲ್ಲ ಅಂದ್ರೆ ನಾನ್ಯಾಕೆ ಈ ಟೇಪು ಕೊರಳಿಗೆ ಹಾಕ್ಕೊಂಡು ಓಡಾಡ್ಲಿ?”

ಕಂಪೌಂಡರ್ ಕಣ್ಣು ಒರೆಸಿಕೊಳ್ಳುತ್ತ ಕೈ ಚಾಚಿದರು. ಅಳತೆ ಪುಸ್ತಕದಲ್ಲಿ ಅಂಕಿಗಳು ಬಿದ್ದವು. ಹೆಸರಿಲ್ಲ, ಅಳತೆ ಮಾತ್ರ. ಅದು ಅವಳ ಕಸುಬಿನ ಪದ್ಧತಿ. ಗಿರಾಕಿಯ ಮುಖ ಮರೆತರೂ ಮೈ ಮರೆಯುವವಳಲ್ಲ.

“ಆ ಕೋಟು ಯಾಕೆ ಇನ್ನೂ ಇಲ್ಲೇ ಇದೆ?” ಹೊರಡುವ ಮುನ್ನ ಚಾಳೀಸಮ್ಮ ಕೇಳಿದರು. ಬಿಟ್ಟುಹೋದ ವಸ್ತು ಕಂಡರೆ ಸುಮ್ಮನಿರಲು ಅವರಿಂದಾಗದು.

“ಒಯ್ಯೋಕೆ ಬರ್ಲೇ ಇಲ್ಲ. ಎರಡು ಸಲ ಬಂದು ‘ಆಯ್ತಾ’ ಅಂತ ಕೇಳಿದ್ರು, ಪುಟ್ಟಿ ಇದ್ದಾಗ. ಆಮೇಲೆ ಪತ್ತೆಯಿಲ್ಲ.”

ಚಾಳೀಸಮ್ಮ ಕೋಟಿನ ತೋಳನ್ನೊಮ್ಮೆ ಮುಟ್ಟಿ ನೋಡಿದರು.

ನಿರ್ದೇಶಕನ ಕೋಣೆ ಹಾಸಿಗೆ ಅಂಗಡಿಯ ಮೇಲಿತ್ತು. ಕೆಳಗೆ ಹತ್ತಿ ಬಡಿಯುವ ಸದ್ದಿಗೆ ನೆಲವೇ ನಡುಗುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಎರಡು ಕಂಪ್ಯೂಟರ್ ತೆರೆಗಳ ಮುಂದೆ ಕುಳಿತಿದ್ದ ಇಪ್ಪತ್ತೇಳರ ಯುವಕ, ದರ್ಜಿಯಮ್ಮನನ್ನು ಕಂಡು ಅರ್ಧ ಎದ್ದ.

“ಆಂಟಿ, ನಾನಾಗ್ಲೇ ಹೇಳಿದ್ದೀನಲ್ಲ. ಅವಳು ನನ್ನ ಜೊತೆ ಜಗಳ ಆಡ್ಕೊಂಡು ಹೋದ್ಳು. ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ.”

“ಗೊತ್ತಿಲ್ದೇ ಇರೋದನ್ನ ಕೇಳೋಕೆ ಬಂದಿಲ್ಲಪ್ಪ,” ಎಂದು ಚಾಳೀಸಮ್ಮ ಕುರ್ಚಿ ಎಳೆದುಕೊಂಡರು. “ಗೊತ್ತಿರೋದನ್ನ ಕೇಳ್ತೀನಿ. ಎಂಟನೇ ಕಂತು ಯಾವಾಗ ತೆಗೆದದ್ದು?”

“ಏಳರ ಜೊತೆಗೇ. ಒಂದೇ ದಿನ ಎರಡೂ.”

“ನೀನೇ ಇದ್ಯಾ?”

“ನಾನಿಲ್ದೆ ಇನ್ಯಾರು?”

“ಸಂತೋಷ. ಆ ಮೆಟ್ಟಿಲು ಹೇಗಿತ್ತು, ಹೇಳು.”

“ಹೇಗೆ ಅಂದ್ರೆ… ಕತ್ತಲು. ಕಬ್ಬಿಣದ ಕಂಬಿ. ಗೋಡೆ ಮೇಲೆ ಟಾರ್ಚಿನ ಬೆಳಕು. ನೀರು ತೊಟ್ಟಿಕ್ತಿತ್ತು.”

“ಏಳನೇ ಕಂತಿನ ಮೆಟ್ಟಿಲು?”

ನಿರ್ದೇಶಕನ ಮುಖ ಅರಳಿತು. “ಅಯ್ಯೋ, ಅದನ್ನ ಕೇಳ್ಬೇಡಿ! ಹಳೇ ಗೋದಾಮು. ಪಾರಿವಾಳದ ಹಿಕ್ಕೆಯ ನಾತ. ಮೊಳೆಗೆ ಸಿಕ್ಕಿ ನನ್ನ ಪ್ಯಾಂಟು ಮಂಡಿಯಿಂದ ಕೆಳಗೆ ಹರೀತು. ಅವಳಿಗೆ ಧೂಳಿಗೆ ಸೀನೋ ಸೀನು, ಮೂರು ಸಲ ಮೊದಲಿಂದ ತೆಗೆದ್ವಿ. ಕೊನೆಗೆ ನಕ್ಕೂ ನಕ್ಕೂ…”

ಅವನು ಥಟ್ಟನೆ ನಿಲ್ಲಿಸಿದ.

ಚಾಳೀಸಮ್ಮ ಮೂಗಿನ ಚಾಳೀಸನ್ನು ತೆಗೆದು ತಲೆಯ ಮೇಲಿನದನ್ನು ಇಳಿಸಿಕೊಂಡರು. “ನನ್ನ ಕೋಣೆಗೆ ಸುಳ್ಳು ಹೇಳೋಕೆ ಬರೋರು ಎಷ್ಟು ಜನ ಗೊತ್ತಾ? ‘ಆ ಕಪ್ಪು ಚೀಲ ನಂದು’ ಅಂತಿದ್ರು. ಬಣ್ಣ, ಉದ್ದ, ಹಿಡಿ ಎಲ್ಲಾ ಸರಿಯಾಗೇ ಹೇಳ್ತಿದ್ರು, ಯಾಕಂದ್ರೆ ಅದು ಕಪಾಟಿನಲ್ಲಿ ಕಾಣ್ತಿತ್ತು. ನಿಜವಾದ ಒಡೆಯ ಕಾಣೋದನ್ನ ಹೇಳೋದೇ ಇಲ್ಲ. ‘ಒಳಗಡೆ ಜಿಪ್ಪು ಅರ್ಧಕ್ಕೆ ಸಿಕ್ಕಿ ಹಾಕ್ಕೊಳುತ್ತೆ’ ಅಂತಾನೆ. ನೀನು ಏಳನೇ ಕಂತಿನ ಒಡೆಯ. ಎಂಟನೇದರ ಪ್ರೇಕ್ಷಕ. ತೆರೆ ಮೇಲೆ ಕಂಡದ್ದಷ್ಟೇ ನಿಂಗೆ ಗೊತ್ತು.”

ಕೆಳಗೆ ಹತ್ತಿ ಬಡಿಯುವುದು ನಿಂತಿತು.

“ಈ ಉಗುರು ನೋಡು.” ಚಾಳೀಸಮ್ಮ ಎರಡು ಚಿತ್ರಗಳನ್ನೂ ಮುಂದಿಟ್ಟು ಕಂಪೌಂಡರ್ ಹೇಳಿದ್ದನ್ನೆಲ್ಲ ಹೇಳಿದರು. ಚುಕ್ಕೆ, ಮೂರು ಮಿಲಿಮೀಟರ್, ಎರಡು ತಿಂಗಳು.

ನಿರ್ದೇಶಕ ಕೇಳುತ್ತ ಕೇಳುತ್ತ ಬಿಳಿಚಿಕೊಂಡ. ಸಿಕ್ಕಿಬಿದ್ದ ಕಳ್ಳನ ಬಿಳುಪಾಗಿರಲಿಲ್ಲ ಅದು. ತಾನು ಮಾಡಿದ್ದೇನೆಂದು ಆ ಕ್ಷಣದಲ್ಲಿ ಮೊದಲ ಬಾರಿಗೆ ತಿಳಿದವನ ಬಿಳುಪು.

“ಅದು ನಾನು ತೆಗೆದದ್ದಲ್ಲ,” ಎಂದ. “ಬಂತು. ಹೋದ ಮಂಗಳವಾರ. ಅವಳದೇ ಖಾತೆಯಿಂದ. ಒಂದಕ್ಷರ ಬರೆದಿರ್ಲಿಲ್ಲ, ವಿಡಿಯೋ ಮಾತ್ರ. ನಾನಂದ್ಕೊಂಡೆ… ಕೋಪ ಇಳೀತು, ಅವಳೇ ಒಂದು ಕಂತು ತೆಗೆದು ಕಳಿಸಿದಾಳೆ ಅಂತ. ರಾಜಿ ಮಾಡ್ಕೊಳ್ಳೋಕೆ.”

“‘ಬಾಗಿಲು ತೆಗೀರಿ’ ಅಂತ ಕೂಗ್ತಿದಾಳೆ. ಅದು ರಾಜಿಯಾ?”

“ಅವಳು ಯಾವಾಗ್ಲೂ ಅಷ್ಟು ಚೆನ್ನಾಗೇ ಮಾಡ್ತಿದ್ಳು, ಅಮ್ಮ.”

ಓದುಗರೇ, ಈ ಒಂದು ವಾಕ್ಯದ ಮುಂದೆ ನನ್ನ ಲೇಖನಿ ಬಹಳ ಹೊತ್ತು ನಿಂತಿತು. ವರ್ಷವಿಡೀ ಸುಳ್ಳು ಭಯವನ್ನು ನಿಜದಂತೆ ತೋರಿಸುವ ವಿದ್ಯೆಯನ್ನು ಕಲಿತವನಿಗೆ, ನಿಜವಾದ ಭಯ ಮನೆಬಾಗಿಲಿಗೆ ಬಂದಾಗ ಅದು ಒಳ್ಳೆಯ ನಟನೆಯಾಗಿ ಕಂಡಿತು! ಅವನನ್ನು ನಿಂದಿಸುವುದು ಸುಲಭ. ಆದರೆ ಅದನ್ನು ನೋಡಿ ಚಪ್ಪಾಳೆಯ ಗುಂಡಿ ಒತ್ತಿದವರಿಗೆ ಆ ಹಕ್ಕಿಲ್ಲ.

“ಜಗಳ ಯಾಕೆ ಆಯ್ತು?” ದರ್ಜಿಯಮ್ಮ ಮೊದಲ ಬಾರಿಗೆ ಬಾಯಿ ತೆರೆದಳು.

“ಕೊನೇಲಿ ಹೆಸರು ಬರುತ್ತಲ್ಲ, ಅಲ್ಲಿ ತನ್ನ ಹೆಸರು ಹಾಕು ಅಂದ್ಳು. ನಾನು ಹಾಕ್ಲಿಲ್ಲ, ಆಂಟಿ. ಹೆಸರು ಬಂದ್ರೆ ಇದೆಲ್ಲ ನಾಟಕ ಅಂತ ಗೊತ್ತಾಗುತ್ತೆ, ಹೆದರಿಕೆ ಹೋಗುತ್ತೆ ಅಂದೆ. ‘ಹಾಗಾದ್ರೆ ನಾಳೆ ನಾನು ಕಳೆದುಹೋದ್ರೆ ಯಾರಂತ ಹುಡುಕ್ತೀಯ?’ ಅಂದ್ಳು. ನಾನು ನಕ್ಕೆ.”



“ಬಂದ ವಿಡಿಯೋ ಬಂದ ಹಾಗೇ ಹಾಕಿದ್ಯಾ?” ಚಾಳೀಸಮ್ಮ ಕೇಳಿದರು.

ಅವನು ತಲೆ ತಗ್ಗಿಸಿದ. “ಹಗಲು ಹೊತ್ತಲ್ಲಿ ತೆಗೆದಿತ್ತು. ಬಿಸಿಲಲ್ಲಿ ಯಾರು ಹೆದರ್ತಾರೆ? ಕತ್ತಲು ಮಾಡ್ದೆ. ಟಾರ್ಚಿನ ಬೆಳಕು ಸೇರಿಸ್ದೆ. ಹಳೇ ಟೇಪಿನ ಗೀರು ಹಾಕ್ದೆ, ತಾರೀಖು ಹಾಕ್ದೆ, ನೀರು ತೊಟ್ಟಿಕ್ಕೋ ಸದ್ದು ಹಾಕ್ದೆ. ಮತ್ತೆ… ನಲವತ್ತು ಸೆಕೆಂಡು ಕತ್ತರಿಸ್ದೆ.”

“ಯಾಕೆ?”

“ಅವಳು ಮೆಟ್ಟಿಲು ಎಣಿಸ್ತಿದ್ಳು. ಇಪ್ಪತ್ತೆರಡರ ತನಕ. ನಮ್ಮ ಕಥೇಲಿ ಹದಿನೆಂಟಕ್ಕೇ ನಿಲ್ಲಬೇಕು. ಲೆಕ್ಕ ತಪ್ಪಿದಾಳೆ, ಜನ ಕಾಲೆಳೀತಾರೆ ಅಂತ ತೆಗೆದುಬಿಟ್ಟೆ.”

ಕಟ್ಟುಕಥೆಗೆ ಹೊಂದದ ಕಾರಣಕ್ಕೆ ಸತ್ಯವನ್ನೇ ಕತ್ತರಿಸಿ ಎಸೆದಿದ್ದ! ಒಬ್ಬ ಹೆಣ್ಣುಮಗಳು ತಾನಿರುವ ಜಾಗದ ಗುರುತನ್ನು ಜಗತ್ತಿಗೆ ತಲುಪಿಸಲು ಎಣಿಸಿದ್ದಳು. ಅದನ್ನು ಅವನು ತಪ್ಪು ಲೆಕ್ಕವೆಂದು ತಿದ್ದಿದ್ದ.

ದರ್ಜಿಯಮ್ಮ ಮುಂದೆ ಬಂದಳು. ಕೈ ಮಾಡುತ್ತಾಳೆಂದು ಚಾಳೀಸಮ್ಮ ಎದ್ದರು. ಯುವಕನೂ ಹಾಗೆಂದುಕೊಂಡು ಕಣ್ಣು ಮುಚ್ಚಿದ.

“ಅಳಿಸಿಲ್ಲ ತಾನೇ?”

“ಇಲ್ಲ ಆಂಟಿ. ಕತ್ತರಿಸಿದ್ದೆಲ್ಲ ಒಂದು ಕಡೆ ಇಟ್ಟಿರ್ತೀನಿ. ಏನನ್ನೂ ಎಸೆಯಲ್ಲ.”

“ನಾನೂ ಹಾಗೇ. ಕತ್ತರಿಸಿದ ಚೂರನ್ನ ಎಸೆಯಲ್ಲ.” ಅವಳು ಅವನ ತಲೆಯ ಮೇಲೆ ಒಂದು ಕ್ಷಣ ಅಂಗೈಯಿಟ್ಟಳು. “ಅಷ್ಟು ಉಪಕಾರ ಮಾಡಿದ್ದೀಯ. ದೇವರು ನಿನ್ನ ಚೆನ್ನಾಗಿಟ್ಟಿರಲಿ. ಹಾಕು, ನೋಡೋಣ.”

ನಾನಾಗಿದ್ದರೆ ಅವನಿಗೆ ಆ ಮಾತು ಹೇಳುತ್ತಿರಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕೃತಜ್ಞತೆ ಎಂಬುದನ್ನು ಅರ್ಹತೆ ನೋಡಿ ಅಳೆದು ಕೊಡುವವಳಲ್ಲ ಆ ತಾಯಿ. ಟೇಪು ಕೊರಳಲ್ಲಿದ್ದರೂ ಅದನ್ನು ಅವಳು ಅಳೆಯಲಿಲ್ಲ.

ಯುವಕ ಕತ್ತರಿಸಿಟ್ಟಿದ್ದ ತುಣುಕನ್ನು ಹುಡುಕಿ ತೆರೆದ. ತೆರೆ ಬೆಳಗಿತು.

ಹಗಲು. ಎತ್ತರದ ಕಿಟಕಿಯಿಂದ ಬಿಸಿಲು. ಸೊಂಟದೆತ್ತರದವರೆಗೆ ಹಸಿರು ಎಣ್ಣೆಬಣ್ಣ ಬಳಿದ ಗೋಡೆ, ಅದರ ಮೇಲೆ ಸುಣ್ಣ. ಕಬ್ಬಿಣದ ಕಂಬಿಯ ಮೇಲೆ ಎಡಗೈ, ಉಗುರಿನಲ್ಲಿ ಚುಕ್ಕೆ. ಚಿತ್ರ ಮೆಲ್ಲಗೆ ಮೆಟ್ಟಿಲಿಳಿಯುತ್ತಿತ್ತು. ಪುಟ್ಟಿಯ ದನಿ ಎಣಿಸುತ್ತಿತ್ತು, ಶಾಲೆಯ ಮಗು ಮಗ್ಗಿ ಒಪ್ಪಿಸುವಷ್ಟು ಸ್ಪಷ್ಟವಾಗಿ.

“ಏಳು. ಎಂಟು. ಒಂಬತ್ತು…”

ಒಂಬತ್ತನೆಯ ಮೆಟ್ಟಿಲಿನ ಎಡ ಮೂಲೆ ಒಡೆದಿತ್ತು. ಒಡೆದ ಜಾಗಕ್ಕೆ ಯಾರೋ ಬಿಳಿಯ ಟೈಲ್ಸ್ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿದ್ದರು. ಕೈ ಅಲ್ಲಿ ಒಂದು ಕ್ಷಣ ಹೆಚ್ಚು ನಿಂತಿತು.

“ಬೇಕಂತಲೇ ನಿಲ್ಲಿಸ್ತಿದಾಳೆ,” ಎಂದರು ಚಾಳೀಸಮ್ಮ. “ಗುರುತು ಕೊಡ್ತಿದಾಳೆ. ಜಾಣೆ.”

“ನನ್ನ ಮಗಳಲ್ವಾ!” ದರ್ಜಿಯಮ್ಮ ತೆರೆಗೆ ತೀರಾ ಹತ್ತಿರ ಬಾಗಿದ್ದಳು.

“ಹನ್ನೆರಡು. ಹದಿಮೂರು.”

ಬಲಗೈಯೂ ಬಂದು ಕಂಬಿಯನ್ನು ಹಿಡಿಯಿತು. ಎರಡೂ ಕೈಗಳು ಅಕ್ಕಪಕ್ಕ.

“ನೋಡಿ ಅಕ್ಕಾ, ನೋಡಿ!” ದರ್ಜಿಯಮ್ಮನ ಕಣ್ಣಲ್ಲಿ ಕೊನೆಗೂ ನೀರು ಬಂದಿತು. “ಎರಡೂ ಕೈ ಚೆನ್ನಾಗಿವೆ! ಕಟ್ಟಿ ಹಾಕಿಲ್ಲ, ಗಾಯ ಇಲ್ಲ. ಆ ಬಲಗೈ ನೋಡಿ ಎಷ್ಟು ದಿನ ಆಯ್ತು! ದೇವ್ರೇ, ನಿನ್ನ ಕಾಲಿಗೆ ಬಿದ್ದೆ. ಎರಡೂ ಕೈ ಚೆನ್ನಾಗಿವೆ!”

ಚಾಳೀಸಮ್ಮ ನಿರ್ದೇಶಕನ ಕಡೆ ನೋಡಿದರು. ಅವನೂ ಅವರನ್ನೇ ನೋಡುತ್ತಿದ್ದ.

ಬಂದ ಎಂಟು ಕಂತುಗಳಲ್ಲಿ ಒಮ್ಮೆಯೂ ಆ ಬಲಗೈ ಕಾಣಿಸಿಕೊಂಡಿರಲಿಲ್ಲ. ಬಲಗೈಯಲ್ಲಿ ಕ್ಯಾಮೆರಾ ಇರುತ್ತಿತ್ತು.

“ಎದೆಗೆ ಕಟ್ಕೊಂಡಿರ್ಬಹುದು,” ಎಂದು ಅವನು ಪಿಸುಗುಟ್ಟಿದ. “ಹಾಗೆ ಮಾಡ್ತಾರೆ, ಅಮ್ಮ.”

ತೆರೆಯ ಮೇಲೆ ಕ್ಯಾಮೆರಾ ನಿಂತಿತು. ಕೈಗಳು ನಿಲ್ಲಲಿಲ್ಲ. ಅವು ಕಂಬಿಯನ್ನು ಹಿಡಿದುಕೊಂಡೇ ಕೆಳಗಿಳಿದು ಚಿತ್ರದಿಂದ ಆಚೆ ಹೋದವು. ಖಾಲಿ ಮೆಟ್ಟಿಲುಗಳ ಮೇಲೆ ಬಿಸಿಲು ಮಾತ್ರ ಉಳಿಯಿತು. ಕೆಳಗಿನಿಂದ ಪುಟ್ಟಿಯ ದನಿ: “ಹದಿನಾರು. ಹದಿನೇಳು.”

ಎಣಿಕೆ ಅಲ್ಲಿಗೆ ನಿಂತಿತು.

ಆಗ ಕ್ಯಾಮೆರಾದ ತೀರಾ ಪಕ್ಕದಲ್ಲಿ, ಪಾಠ ಮರೆತ ಮಗುವಿಗೆ ಮುಂದಿನ ಸಾಲು ಹೇಳಿಕೊಡುವಷ್ಟು ಮೃದುವಾಗಿ, ಇನ್ನೊಂದು ದನಿ ನುಡಿಯಿತು.

“ಹದಿನೆಂಟು.”

ಪುಟ್ಟಿ ಆ ಅಂಕಿಯನ್ನು ಹೇಳಿದಳು. ಅಲ್ಲಿಗೆ ನಿಲ್ಲಿಸದೆ, ದನಿ ನಡುಗಿದರೂ, ಮುಂದುವರಿದಳು. ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತೊಂದು. ಇಪ್ಪತ್ತೆರಡು. ಆಮೇಲೆ ಬಾಗಿಲು ಬಡಿಯುವ ಸದ್ದು. ಚಿತ್ರ ಮುಗಿಯಿತು.

“ಇನ್ನೊಂದ್ಸಲ ಹಾಕು,” ಎಂದಳು ದರ್ಜಿಯಮ್ಮ.

ಯುವಕ ಹಾಕಿದ. ‘ಹದಿನೆಂಟು’ ಎಂಬಲ್ಲಿ ಅವಳು ಕಣ್ಣು ಮುಚ್ಚಿದಳು. ಮೂರನೆಯ ಬಾರಿಗೆ ಅವಳ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಯಾರದೋ ಭುಜದ ಮೇಲೆ ಟೇಪು ಇಡುವಂತೆ ನಿಂತಿತು.

“‘ಆಯ್ತಾ’ ಅಂತ ಕೇಳಿದ್ದು ಇದೇ ದನಿ,” ಎಂದಳು. “ಆ ಬೂದು ಕೋಟು. ಈ ದನಿಗೆ ನಾನು ಅಳತೆ ತಗೊಂಡಿದ್ದೀನಿ ಅಕ್ಕಾ.”

“ಯಾರು?”

“ಎದೆ ಮೂವತ್ತೆಂಟು. ತೋಳು ಇಪ್ಪತ್ತಮೂರೂವರೆ. ಎಡ ಭುಜ ಒಂದಿಂಚು ತಗ್ಗು.” ಅವಳು ಕಣ್ಣು ತೆರೆದಳು. ಅದರಲ್ಲಿ ಆ ದಿನ ಮೊದಲ ಬಾರಿಗೆ ಭಯವಿತ್ತು. “ಮುಖ ನೆನಪಾಗ್ತಿಲ್ಲ.”

ಓದುಗರೇ, ಆರಂಭದಲ್ಲಿ ನಿಮ್ಮನ್ನು ಕಟುವಾಗಿ ಪ್ರಶ್ನಿಸಿದೆ. ಈಗ ಅದೇ ಬಾಯಲ್ಲಿ ಬೇಡುತ್ತೇನೆ. ಹನ್ನೊಂದು ಸಾವಿರ ಮಂದಿಯಲ್ಲಿ ಒಬ್ಬ ಕಂಪೌಂಡರ್ ಒಂದು ಬೆರಳನ್ನು ಬೆರಳೆಂದು ನೋಡಿದ್ದರಿಂದ, ಒಬ್ಬ ತಾಯಿಗೆ ಮಗಳು ಬದುಕಿದ್ದಾಳೆಂಬುದು ತಿಳಿಯಿತು. ಆ ಪುಣ್ಯಾತ್ಮನಿಗೆ ನಾವೆಲ್ಲರೂ ಋಣಿಗಳು. ಆ ಋಣವನ್ನು ತೀರಿಸುವ ದಾರಿ ನಿಮ್ಮ ಮನೆಯ ಬಾಗಿಲಾಚೆಗೇ ಇದೆ. ಈ ಪುಟವನ್ನು ಮಡಿಚಿಟ್ಟು ಎದ್ದೇಳಿ. ಇನ್ನೂ ಹಗಲಿದೆ. ನೀವು ದಿನಾ ಹತ್ತಿಳಿಯುವ ಮೆಟ್ಟಿಲುಗಳನ್ನು, ಎದುರು ಕಟ್ಟಡದ ಮೆಟ್ಟಿಲುಗಳನ್ನು, ಒಮ್ಮೆ ಕಣ್ಣಿಟ್ಟು ನೋಡಿ. ಎಣಿಸಿ. ಇಪ್ಪತ್ತೆರಡಿದ್ದು, ಮೇಲಿನಿಂದ ಒಂಬತ್ತನೆಯದರ ಎಡ ಮೂಲೆಯಲ್ಲಿ ಬಿಳಿಯ ಚೂರುಗಳಿದ್ದರೆ, ಎಡ ಭುಜ ಒಂದಿಂಚು ತಗ್ಗಿದವರೊಬ್ಬರು ಅಲ್ಲಿ ನಿಮಗೆ ದಿನವೂ ನಮಸ್ಕಾರ ಹೇಳುತ್ತಿದ್ದರೆ, ದಯವಿಟ್ಟು ಫೋಟೋ ತೆಗೆಯಬೇಡಿ.

ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಆ ಬಾಗಿಲನ್ನು ತಟ್ಟಿ.